ತಂದೆಯ ಹೆಸರಿನಲ್ಲಿ ದತ್ತಿ: ಹಣ ಎಲ್ಲಿಡಬೇಕು, ಹೇಗೆ ನಡೆಸಬೇಕು?

ಪ್ರಶ್ನೆ: ನಮ್ಮ ತಂದೆ ಹಾವೇರಿ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತದ ಮಾಸ್ತರರಾಗಿದ್ದು ನಿವೃತ್ತರಾದವರು. ಕಳೆದ ವರ್ಷ ತೀರಿಕೊಂಡರು. ಅವರ ಪೆಟ್ಟಿಗೆಯಲ್ಲಿ ಸಿಕ್ಕ ಒಂದು ನೋಟ್‌ಬುಕ್ಕಿನಲ್ಲಿ, ಮಕ್ಕಳ ಪೂರ್ತಿ ಹೆಸರಿಲ್ಲದೆ ಬರೀ ಮೊದಲಕ್ಷರ ಹಾಕಿ, 'ಪರೀಕ್ಷಾ ಶುಲ್ಕ', 'ಬಸ್ ಪಾಸ್', 'ಕನ್ನಡಕ', 'ಕಂಪಾಸ್ ಬಾಕ್ಸ್' ಎಂದು ಎಷ್ಟೋ ವರ್ಷಗಳ ಲೆಕ್ಕ ಬರೆದಿಟ್ಟಿದ್ದಾರೆ. ಇದು ನಮ್ಮ ತಾಯಿಗೂ ಗೊತ್ತಿರಲಿಲ್ಲ. ಉಯಿಲು ಬರೆದಿಲ್ಲ. ಬ್ಯಾಂಕಿನಲ್ಲಿ ಅವರ ಹೆಸರಿನಲ್ಲಿ ಸುಮಾರು 18 ಲಕ್ಷ ರೂಪಾಯಿ ಠೇವಣಿ ಇದೆ, ನಾನು ನಾಮಿನಿ. ತಾಯಿಗೆ 74 ವರ್ಷ, ನನ್ನ ಜೊತೆಗಿದ್ದಾರೆ. ಅಣ್ಣ ಅಮೆರಿಕದ ಪೌರ, ತಂಗಿ ಬೆಂಗಳೂರಿನಲ್ಲಿದ್ದಾಳೆ. ಆ ಹಣವನ್ನು ಅಪ್ಪನ ಹೆಸರಿನಲ್ಲಿ ಒಳ್ಳೆಯ ಕೆಲಸಕ್ಕೆ ವಿನಿಯೋಗಿಸಬೇಕೆಂದು ಎಲ್ಲರಿಗೂ ಆಸೆ. ಅಣ್ಣ ಟ್ರಸ್ಟ್ ಮಾಡೋಣ ಎನ್ನುತ್ತಾನೆ, ಊರಿನವರು ಶಾಲೆಗೆ ಮಹಾದ್ವಾರ ಕಟ್ಟಿಸಿ ಎನ್ನುತ್ತಾರೆ, ತಂಗಿಗೆ ಗಣಿತದಲ್ಲಿ ಮೊದಲು ಬಂದವರಿಗೆ ಚಿನ್ನದ ಪದಕ ಇಡಬೇಕೆಂದಿದೆ, ತಾಯಿಗೆ ತಿಥಿಯ ದಿನ ಅನ್ನದಾನ ನಡೆದರೆ ಸಾಕು. ಯಾವುದು ಸರಿ? ತೆರಿಗೆಯ ವಿಷಯವನ್ನೂ ತಿಳಿಸಿ.

ಉತ್ತರ: ನಿಮ್ಮ ನಾಲ್ಕು ದಾರಿಗಳ ನಡುವೆ ಆರಿಸಲು ಬೇಕಾದ ಮಾಹಿತಿ ನಿಮ್ಮ ಪತ್ರದ ಮೂರನೆಯ ಸಾಲಿನಲ್ಲೇ ಇದೆ. ತೀರಿಹೋದ ಹಿರಿಯರ ಹೆಸರಿನಲ್ಲಿ ದಾನ ಮಾಡಬೇಕೆಂದು ಸಲಹೆ ಕೇಳುವ ಬಹಳಷ್ಟು ಕುಟುಂಬಗಳು 'ಅವರಿಗೆ ವಿದ್ಯೆ ಎಂದರೆ ಪ್ರೀತಿ' ಎಂಬಷ್ಟು ದೊಡ್ಡ ಮಾತಿನಿಂದ ಹೊರಟು, ಯಾವ ಊರಿನ ಯಾವ ಮಗುವಿಗೆ ಏನು ಕೊಡಬೇಕು ಎಂಬಲ್ಲಿಗೆ ಬಂದಾಗ ದಾರಿ ಕಾಣದೆ ನಿಲ್ಲುತ್ತವೆ. ನಿಮ್ಮ ತಂದೆಯವರು ಆ ಕೆಲಸವನ್ನು ತಮ್ಮ ಕೈಬರಹದಲ್ಲೇ ಮುಗಿಸಿ ಹೋಗಿದ್ದಾರೆ. ಆದುದರಿಂದ ನೋಟ್‌ಬುಕ್ಕನ್ನು ನೆನಪಿನ ವಸ್ತುವೆಂದು ಎತ್ತಿಡುವ ಮೊದಲು ನೀವು ಮೂವರೂ ಕುಳಿತು ಅದನ್ನು ಲೆಕ್ಕದ ಪುಸ್ತಕವಾಗಿ ಓದಿರಿ.

ಓದುವಾಗ ಗಮನಿಸಬೇಕಾದ್ದು ಮೊತ್ತಗಳಿಗಿಂತ ಹೆಚ್ಚಾಗಿ ಮಾಸ್ತರರು ಕೊಟ್ಟ ರೀತಿ. ಪರೀಕ್ಷಾ ಶುಲ್ಕಕ್ಕೆ ಕೊನೆಯ ದಿನವೊಂದಿರುತ್ತದೆ; ಅದನ್ನು ತಪ್ಪಿಸಿಕೊಂಡ ಮಗುವಿಗೆ ಮುಂದಿನ ತಿಂಗಳು ಸಿಗುವ ಹತ್ತು ಪಟ್ಟು ಹಣವೂ ಪ್ರಯೋಜನಕ್ಕೆ ಬಾರದು. ಹಲಗೆ ಕಾಣದ ಮಗುವಿಗೆ ಕನ್ನಡಕ ಬೇಕೆಂದು ಗೊತ್ತಾಗುವುದು ತರಗತಿಯಲ್ಲಿ ನಿಂತು ಪಾಠ ಮಾಡುವವರಿಗೆ ಮಾತ್ರ. ಯಾವ ಅರ್ಜಿ ನಮೂನೆಯಲ್ಲೂ ಅದಕ್ಕೊಂದು ಕಾಲಂ ಇರುವುದಿಲ್ಲ. ಹೆಸರಿನ ಬದಲು ಮೊದಲಕ್ಷರ ಬರೆದಿರುವುದರ ಅರ್ಥವೂ ಸ್ಪಷ್ಟವಾಗಿದೆ: ತೆಗೆದುಕೊಂಡ ಮಗುವಿನ ಮರ್ಯಾದೆ ಅವರಿಗೆ ಮುಖ್ಯವಾಗಿತ್ತು. ಸಣ್ಣ ಮೊತ್ತ, ಸರಿಯಾದ ಹೊತ್ತು, ಹತ್ತಿರದಿಂದ ಕಂಡ ಅಗತ್ಯ, ಗುಟ್ಟು. ಅವರ ದಾನದ ಲಕ್ಷಣ ಇಷ್ಟೆಂದ ಮೇಲೆ, ವರ್ಷಕ್ಕೊಮ್ಮೆ ವೇದಿಕೆಯ ಮೇಲೆ ಮೊದಲ ಸ್ಥಾನದವರ ಕೊರಳಿಗೆ ಹಾಕುವ ಚಿನ್ನದ ಪದಕ ಬೇರೆ ಯಾವ ಮಾಸ್ತರರಿಗೆ ಒಪ್ಪಿದರೂ ಇವರಿಗೆ ಅಷ್ಟಾಗಿ ಒಪ್ಪುವುದಿಲ್ಲ. ಪದಕಗಳು ಇಷ್ಟೊಂದು ಬಳಕೆಯಲ್ಲಿರಲು ಒಂದು ಕಾರಣ, ಅಂಕಪಟ್ಟಿ ನೋಡಿ ಆರಿಸುವುದು ಸುಲಭ, ತಕರಾರಿಲ್ಲ ಎಂಬುದು. ಅಗತ್ಯವನ್ನು ನೋಡಿ ಆರಿಸುವುದು ಕಷ್ಟದ ಕೆಲಸ, ಮತ್ತು ಮಾಸ್ತರರು ಇಷ್ಟು ವರ್ಷ ಮಾಡಿಕೊಂಡು ಬಂದದ್ದು ಆ ಕಷ್ಟದ ಕೆಲಸವನ್ನೇ. ನನ್ನ ಸಲಹೆಯ ತಿರುಳು ಇಷ್ಟು: ಹೆಸರನ್ನು ಉಳಿಸುವ ಏರ್ಪಾಡಿಗಿಂತ ಅವರ ರೂಢಿಯನ್ನು ಮುಂದುವರಿಸುವ ಏರ್ಪಾಡನ್ನು ಹುಡುಕಿ. ಮುಂದಿನದೆಲ್ಲ ಅದಕ್ಕೆ ಬೇಕಾದ ವ್ಯವಹಾರದ ಮಾತು.

ಮೊದಲು ಹಣ ಯಾರದೆಂದು ಇತ್ಯರ್ಥವಾಗಬೇಕು. ನಾಮಿನಿಯಾದ ನೀವು ಬ್ಯಾಂಕಿನಿಂದ ಹಣ ಪಡೆಯಬಲ್ಲಿರಿ, ಆದರೆ ಅದರಿಂದಲೇ ಒಡೆಯರಾಗುವುದಿಲ್ಲ. ವಾರಸುದಾರರ ಪರವಾಗಿ ಅದನ್ನು ಹಿಡಿದುಕೊಂಡಿರುವವರು ಮಾತ್ರ. ಉಯಿಲು ಇಲ್ಲದಿರುವುದರಿಂದ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ತಂದೆಯ ಸ್ವಯಾರ್ಜಿತ ಹಣದಲ್ಲಿ ತಾಯಿಗೂ ಮೂವರು ಮಕ್ಕಳಿಗೂ ಸಮಪಾಲು. ತಂದೆಯವರ ತಾಯಿ ಈಗಲೂ ಇದ್ದರೆ ಅವರಿಗೂ ಒಂದು ಪಾಲುಂಟು. ಇಲ್ಲವೆಂದು ಭಾವಿಸಿ ಹೇಳುತ್ತಿದ್ದೇನೆ. ಅಂದರೆ ತಲಾ ನಾಲ್ಕೂವರೆ ಲಕ್ಷ. ಅಣ್ಣ ಬೇರೆ ದೇಶದ ಪೌರರಾದ ಮಾತ್ರಕ್ಕೆ ಅವರ ಹಕ್ಕು ಹೋಗುವುದಿಲ್ಲ. ಎಲ್ಲರ ಮನಸ್ಸೂ ಒಂದೇ ಎಂದು ಈಗ ಅನ್ನಿಸಿದರೂ, ಯಾರ ಪಾಲು ಎಷ್ಟು, ಅದರಲ್ಲಿ ಯಾರು ಎಷ್ಟನ್ನು ದಾನಕ್ಕೆ ಬಿಡುತ್ತಾರೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ನಾಲ್ವರೂ ಸಹಿ ಹಾಕಿಡಿ. ಅಣ್ಣತಮ್ಮಂದಿರು, ಅಕ್ಕತಂಗಿಯರ ನಡುವೆ ಈ ಕಾಗದವೇಕೆ ಎಂದು ಸಂಕೋಚಪಟ್ಟು ಬಿಟ್ಟ ಮನೆಗಳಲ್ಲಿ, ಐದಾರು ವರ್ಷ ಕಳೆದ ಮೇಲೆ 'ಆ ಹಣವನ್ನು ನೀನೇ ಕೊಟ್ಟು ಹೆಸರು ಮಾಡಿಕೊಂಡೆ' ಎಂಬ ಮಾತು ಹುಟ್ಟುವುದನ್ನು ನಮ್ಮಂಥವರು ಕೇಳುತ್ತಲೇ ಇರುತ್ತೇವೆ.

ಇನ್ನು ತಾಯಿಯ ಪಾಲು. ಅವರೇ ಒತ್ತಾಯಿಸಿದರೂ ಅದನ್ನು ದಾನಕ್ಕೆ ತೆಗೆದುಕೊಳ್ಳಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಕುಟುಂಬ ಪಿಂಚಣಿ ಬರುತ್ತಿದ್ದೀತು. ಆದರೆ ಎಪ್ಪತ್ತನಾಲ್ಕರ ಹೆಂಗಸಿಗೆ ತನ್ನ ಹೆಸರಿನಲ್ಲಿ, ಯಾರನ್ನೂ ಕೇಳದೆ ಖರ್ಚು ಮಾಡಬಹುದಾದ ಒಂದಿಷ್ಟು ಹಣವಿರುವುದು ಔಷಧಿಯ ಖರ್ಚಿಗಿಂತ ದೊಡ್ಡ ವಿಷಯ. ತಿಥಿಯ ದಿನದ ಅನ್ನದಾನ ಅವರ ಆಸೆಯಾಗಿರುವುದರಿಂದ ಅದನ್ನು ಅವರ ಪಾಲಿನ ಬಡ್ಡಿಯಿಂದ ಅವರ ಕೈಯಿಂದಲೇ ನಡೆಸಿರಿ. ಇದಕ್ಕೂ ಶಾಲೆಯ ಏರ್ಪಾಡಿಗೂ ಪೈಪೋಟಿಯಿಲ್ಲ, ಎರಡೂ ನಡೆಯಬಹುದು.

ಟ್ರಸ್ಟ್ ವಿಷಯದಲ್ಲಿ ನಿಮ್ಮ ಅಣ್ಣನವರಿಗೆ ನಿರಾಸೆಯಾಗುವ ಉತ್ತರವನ್ನು ಕೊಡಬೇಕಾಗಿದೆ. ಕರ್ನಾಟಕದಲ್ಲಿ ಸಾರ್ವಜನಿಕ ದತ್ತಿ ಟ್ರಸ್ಟನ್ನು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಪತ್ರ ನೋಂದಾಯಿಸಿ ಒಂದು ದಿನದಲ್ಲಿ ಹುಟ್ಟಿಸಬಹುದು. ಕಷ್ಟವಿರುವುದು ಅದನ್ನು ಸಾಕುವುದರಲ್ಲಿ. ಪ್ಯಾನ್, ಬ್ಯಾಂಕ್ ಖಾತೆ, ಆದಾಯ ತೆರಿಗೆ ಇಲಾಖೆಯಲ್ಲಿ ಮೊದಲು ತಾತ್ಕಾಲಿಕ ನೋಂದಣಿ, ಅನಂತರ ನಿಯಮಿತ ನೋಂದಣಿ, ಅವಧಿ ಮುಗಿದಾಗ ನವೀಕರಣ, ದಾನಿಗಳಿಗೆ ವಿನಾಯಿತಿ ಬೇಕೆಂದರೆ ಅದಕ್ಕೊಂದು ಪ್ರತ್ಯೇಕ ಅನುಮೋದನೆ, ಪ್ರತಿವರ್ಷ ರಿಟರ್ನ್, ಆದಾಯ ಮಿತಿ ದಾಟಿದ ವರ್ಷ ಲೆಕ್ಕಪರಿಶೋಧನೆಯ ವರದಿ, ಆದಾಯದ ಶೇ. 85ರಷ್ಟನ್ನು ಆಯಾ ವರ್ಷವೇ ಉದ್ದೇಶಕ್ಕೆ ವೆಚ್ಚ ಮಾಡಬೇಕೆಂಬ ನಿಯಮ. ನೋಂದಣಿ ರದ್ದಾದರೆ ಕೂಡಿಟ್ಟ ಆಸ್ತಿಯ ಮೇಲೆಯೇ ಗರಿಷ್ಠ ದರದ ತೆರಿಗೆ ಬೀಳುವ ಸಂದರ್ಭವೂ ಇದೆ. ಸಂಘವಾಗಿ ನೋಂದಾಯಿಸೋಣವೆಂದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಕನಿಷ್ಠ ಏಳು ಮಂದಿ ಬೇಕು. ಕೋಟಿಗಟ್ಟಲೆ ಹಣವೋ ಜಮೀನು, ಕಟ್ಟಡವೋ ಇದ್ದವರಿಗೆ ಇದೆಲ್ಲ ಸಹಜವಾದ ಹೊರೆ. ನಿಮ್ಮ ಮೊತ್ತಕ್ಕೆ, ಬಡ್ಡಿಯ ಒಂದು ದೊಡ್ಡ ಪಾಲು ನನ್ನಂಥ ಸಲಹೆಗಾರರ ಶುಲ್ಕಕ್ಕೇ ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಇಪ್ಪತ್ತು ವರ್ಷಗಳ ನಂತರ ಟ್ರಸ್ಟಿಯಾಗಿ ಸಹಿ ಹಾಕಲು ನಿಮ್ಮ ಮಕ್ಕಳಲ್ಲಿ ಯಾರು ಊರಿನಲ್ಲಿರುತ್ತಾರೆ?

ನಮ್ಮ ನಾಡಿನಲ್ಲಿ ಬಹುಕಾಲ ಬಾಳಿದ ದತ್ತಿಗಳನ್ನು ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. 1906ರಲ್ಲಿ ತೀರಿಕೊಂಡ ಶಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನೇ ವಿದ್ಯಾರ್ಥಿಗಳ ಶಿಕ್ಷಣಕ್ಕೆಂದು ಮೀಸಲಿಟ್ಟು ಹೋದರು. ಬೆಂಗಳೂರಿನ ರೈಲು ನಿಲ್ದಾಣದ ಬಳಿ ಗುಬ್ಬಿ ತೋಟದಪ್ಪನವರು ಕಟ್ಟಿಸಿದ ಛತ್ರ ಇಂದಿಗೂ ಇದೆ. ಇವುಗಳ ಬೆನ್ನಿಗೆ ಭೂಮಿ ಅಥವಾ ಕಟ್ಟಡ ನಿಂತಿತ್ತು. ಬೆಲೆಗಳೊಡನೆ ಆದಾಯವೂ ಏರುತ್ತ ಬರಲು ಅವಕಾಶವಿತ್ತು. ಇನ್ನೂ ಹಿಂದೆ ಹೋದರೆ, ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಶ್ರವಣಬೆಳಗೊಳದಲ್ಲಿ ತಾಯಿ ಪೋಚವ್ವೆಗಾಗಿ ಕತ್ತಲೆ ಬಸದಿಯನ್ನು ಕಟ್ಟಿಸಿದ್ದಲ್ಲದೆ, ದೊರೆಯಿಂದ ತನಗೆ ಬಂದ ಗ್ರಾಮವೊಂದನ್ನು ಬಸದಿಗಳ ಪೂಜೆ ನಡೆಯಲೆಂದು ಬಿಟ್ಟುಕೊಟ್ಟ. ಕಟ್ಟುವ ಖರ್ಚು ಬೇರೆ, ನಡೆಸುವ ಖರ್ಚು ಬೇರೆ ಎಂಬುದು ಆ ಕಾಲದವರಿಗೆ ಚೆನ್ನಾಗಿ ತಿಳಿದಿತ್ತು. ಎಷ್ಟೋ ದಾನಶಾಸನಗಳ ಕೊನೆಯಲ್ಲಿ 'ದಾನಪಾಲನಯೋರ್ಮಧ್ಯೇ ದಾನಾಚ್ಛ್ರೇಯೋಽನುಪಾಲನಂ' ಎಂಬ ಶ್ಲೋಕ ಬರುತ್ತದೆ. ಕೊಡುವುದಕ್ಕಿಂತ ಕೊಟ್ಟದ್ದನ್ನು ನಡೆಸಿಕೊಂಡು ಹೋಗುವುದು ಹೆಚ್ಚಿನದು ಎಂದು ಅದರ ತಾತ್ಪರ್ಯ. ಅದರ ಜೊತೆಗೇ, ದತ್ತಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಮಲದ ಹುಳುವಾಗಿ ಹುಟ್ಟಲಿ ಎಂಬ ಶಾಪವೂ ಇರುತ್ತದೆ. ನಮ್ಮ ಕಾಲದ ಯಾವ ದತ್ತಿ ಪತ್ರದಲ್ಲೂ ಇಷ್ಟು ಬಲವಾದ ಷರತ್ತನ್ನು ನಾನು ಕಂಡಿಲ್ಲ.

ಠೇವಣಿಯ ರೂಪದ ದತ್ತಿಗೆ ಮಾತ್ರ ಕಸಿಯುವ ಕಳ್ಳನೂ ಬೇಡ. ಬೆಲೆಯೇರಿಕೆಯೇ ಆ ಕೆಲಸವನ್ನು ಸದ್ದಿಲ್ಲದೆ ಮಾಡುತ್ತದೆ. ಹಳೆಯ ಪ್ರೌಢಶಾಲೆಗಳ ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ದತ್ತಿ ದಾನಿಗಳ ಹೆಸರಿನ ಫಲಕವೊಂದು ಗೋಡೆಯ ಮೇಲಿರುತ್ತದೆ: ಎಡಗಡೆ ಹೆಸರು, ಬಲಗಡೆ ಮೊತ್ತ, 501, 1,001, ಹೆಚ್ಚೆಂದರೆ 5,001. ಸಾವಿರ ರೂಪಾಯಿ ಇಟ್ಟ ದಿನಗಳಲ್ಲಿ ಅದರ ವರ್ಷದ ಬಡ್ಡಿಯಿಂದ ಒಂದು ಮಗುವಿನ ಪುಸ್ತಕಗಳ ಖರ್ಚು ಹೊರಡುತ್ತಿದ್ದಿರಬಹುದು. ಈಗಿನ ಬಡ್ಡಿ ದರದಲ್ಲಿ ಬರುವ ಎಪ್ಪತ್ತು ರೂಪಾಯಿಗೆ ಒಂದು ಒಳ್ಳೆಯ ಉದ್ದ ನೋಟ್‌ಬುಕ್ಕು ಬಂದರೆ ಹೆಚ್ಚು. ಅಸಲಿಗೆ ಯಾರೂ ಕೈಹಾಕಿಲ್ಲ, ಷರತ್ತನ್ನು ಯಾರೂ ಮುರಿದಿಲ್ಲ, ಆದರೂ ದತ್ತಿ ಸತ್ತಿದೆ. 'ಅಸಲನ್ನು ಮುಟ್ಟದೆ ಬಡ್ಡಿಯಿಂದ ಮಾತ್ರ' ಎಂಬ, ನಾವು ಅಭ್ಯಾಸಬಲದಿಂದ ಬರೆಯುವ ಸಾಲೇ ಇದಕ್ಕೆ ಕಾರಣ.

ನಿಮ್ಮ ಲೆಕ್ಕವನ್ನೇ ಹಾಕೋಣ. ಅಣ್ಣನವರ ಪಾಲಿನ ವಿಷಯವನ್ನು ಮುಂದೆ ಹೇಳುತ್ತೇನೆ; ನಿಮ್ಮದೂ ತಂಗಿಯದೂ ಸೇರಿ ಒಂಬತ್ತು ಲಕ್ಷವೆನ್ನಿ, ಬಡ್ಡಿ ಶೇ. 7, ಬೆಲೆಯೇರಿಕೆ ಶೇ. 5 ಎಂದು ಹಿಡಿಯೋಣ, ಸದ್ಯಕ್ಕೆ ತೆರಿಗೆಯನ್ನು ಬದಿಗಿಡೋಣ. ವರ್ಷಕ್ಕೆ 63,000 ಬಡ್ಡಿ ಬರುತ್ತದೆ. ಈ ದತ್ತಿ ಶಾಶ್ವತವಾಗಿರಬೇಕು, ಅದರ ಶಕ್ತಿಯೂ ಕುಂದಬಾರದು ಎಂದಾದರೆ ಅದರಲ್ಲಿ 45,000ವನ್ನು ಅಸಲಿಗೆ ಮರಳಿ ಸೇರಿಸಿ, ಮೊದಲ ವರ್ಷ 18,000ವನ್ನು ಮಾತ್ರ ಖರ್ಚು ಮಾಡಬೇಕಾಗುತ್ತದೆ. ಇಪ್ಪತ್ತೈದು ವರ್ಷ ನಡೆದು ಮುಗಿಯಲಿ, ಅಸಲೂ ಅಷ್ಟರಲ್ಲಿ ಕರಗಲಿ ಎಂದರೆ ಮೊದಲ ವರ್ಷ ಸುಮಾರು 48,000ದಿಂದ ಆರಂಭಿಸಿ ಪ್ರತಿವರ್ಷ ಶೇ. 5ರಷ್ಟು ಏರಿಸುತ್ತ ಹೋಗಬಹುದು. ಹದಿನೈದು ವರ್ಷ ಸಾಕೆಂದರೆ ಮೊದಲ ವರ್ಷವೇ 73,000 ಸಿಗುತ್ತದೆ, ಹದಿನೈದನೆಯ ವರ್ಷಕ್ಕೆ ಅದು 1.44 ಲಕ್ಷದಷ್ಟಾಗಿರುತ್ತದೆ. ಶಾಶ್ವತ ಎಂಬ ಪದಕ್ಕೆ ನಾವು ಎಷ್ಟು ಮಕ್ಕಳ ಪರೀಕ್ಷಾ ಶುಲ್ಕವನ್ನು ತೆರುತ್ತೇವೆ ಎಂಬುದು ಇದರಿಂದ ತಿಳಿಯುತ್ತದೆ. ನನ್ನ ಒಲವು ಹದಿನೈದು ವರ್ಷದ ಕಡೆಗೆ. ಮಾಸ್ತರರನ್ನು ಕಂಡ ಸಹೋದ್ಯೋಗಿಗಳೂ ಹಳೆಯ ವಿದ್ಯಾರ್ಥಿಗಳೂ ಇನ್ನೂ ಓಡಾಡಿಕೊಂಡಿರುವ ಕಾಲ ಅದು. ಹಣ ಎಲ್ಲಿ ಹೋಗುತ್ತಿದೆ ಎಂದು ನೋಡುವ ಕಣ್ಣುಗಳು ಅಲ್ಲಿಯವರೆಗೆ ಇರುತ್ತವೆ. ಅನಂತರ ಯಾರಿಗಾದರೂ ಮುಂದುವರಿಸಬೇಕೆನ್ನಿಸಿದರೆ ಅವರು ತಮ್ಮ ಹಣ ಸೇರಿಸಲಿ.

ತೆರಿಗೆಯನ್ನು ಬದಿಗಿಡೋಣ ಎಂದೆ. ಆದರೆ ಠೇವಣಿ ನಿಮ್ಮ ಹೆಸರಿನಲ್ಲೋ ತಂಗಿಯ ಹೆಸರಿನಲ್ಲೋ ಇರುವವರೆಗೆ ಅದರ ಬಡ್ಡಿ ನಿಮ್ಮ ಆದಾಯಕ್ಕೇ ಸೇರುತ್ತದೆ. ತಂಗಿ ಶೇ. 30ರ ಹಂತದಲ್ಲಿದ್ದರೆ ಅವರ ಪಾಲಿನ ಶೇ. 7ರ ಬಡ್ಡಿಯಲ್ಲಿ ಕೈಗುಳಿಯುವುದು ಶೇ. 5ಕ್ಕಿಂತ ಕಡಿಮೆ. ಆ ಲೆಕ್ಕದಲ್ಲಿ ಮೇಲಿನ ಮೊತ್ತಗಳನ್ನು ಇಳಿಸಿಕೊಳ್ಳಿ, ಅಥವಾ ಅವರ ಪಾಲನ್ನು ಮೊದಲ ವರ್ಷಗಳಲ್ಲೇ ಖರ್ಚು ಮಾಡಿ ಮುಗಿಸಿ.

ವಿನಾಯಿತಿಯ ವಿಷಯ. ಹಳೆಯ ಕಾಯ್ದೆಯಲ್ಲಿ 80ಜಿ ಎಂದು ಎಲ್ಲರಿಗೂ ಪರಿಚಿತವಾದ ಸೌಲಭ್ಯ, 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ ಸಂಖ್ಯೆಗಳು ಬದಲಾದರೂ ಉಳಿದುಕೊಂಡಿದೆ. ಸಾಮಾನ್ಯ ದತ್ತಿ ಸಂಸ್ಥೆಗಳಿಗೆ ಕೊಟ್ಟ ದೇಣಿಗೆಯ ಅರ್ಧದಷ್ಟನ್ನು, ಒಂದು ಮಿತಿಗೊಳಪಟ್ಟು, ಆದಾಯದಿಂದ ಕಳೆಯಬಹುದು. ನಗದಾಗಿ ಕೊಟ್ಟದ್ದು 2,000 ರೂಪಾಯಿ ದಾಟಿದರೆ ಲೆಕ್ಕಕ್ಕಿಲ್ಲ. ಬೆಂಚು, ಪುಸ್ತಕ, ಕಂಪ್ಯೂಟರುಗಳಂಥ ವಸ್ತುರೂಪದ ದಾನಕ್ಕೂ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ವಿನಾಯಿತಿಯೇ ದೊರೆಯುವುದಿಲ್ಲ, ಮತ್ತು ಬೇರೆಯದನ್ನು ನೀವಾಗಿ ಆರಿಸದಿದ್ದರೆ ನೀವಿರುವುದು ಹೊಸ ಪದ್ಧತಿಯಲ್ಲೇ. ಹಳೆಯ ಪದ್ಧತಿಯಲ್ಲೇ ಇದ್ದೀರಾದರೆ, ರಸೀದಿಯು ಹಣ ಕೊಡುವ ನಿಮ್ಮಲ್ಲೊಬ್ಬರ ಹೆಸರು ಮತ್ತು ಪ್ಯಾನ್‌ನಲ್ಲಿರಲಿ. ತಂದೆಯವರ ಪ್ಯಾನ್ ಹಾಕಿಸಬೇಡಿ, 'ಇಂಥವರ ಸ್ಮರಣಾರ್ಥ' ಎಂದು ಬರೆಸಿದರೆ ಸಾಕು. ರಸೀದಿಯ ಜೊತೆಗೆ, ಸಂಸ್ಥೆಯು ಇಲಾಖೆಗೆ ವಿವರ ಸಲ್ಲಿಸಿ ನೀಡುವ ದೇಣಿಗೆ ಪ್ರಮಾಣಪತ್ರವನ್ನೂ ಕೇಳಿ ಪಡೆಯಿರಿ. ಇಷ್ಟಾದರೂ, ತೆರಿಗೆ ಉಳಿತಾಯಕ್ಕೆಂದು ಎಲ್ಲೋ ಇರುವ ಸಂಸ್ಥೆಯನ್ನು ಆರಿಸುವುದು ನಿಮ್ಮ ಉದ್ದೇಶಕ್ಕೆ ಒಗ್ಗದು. ಮಗುವಿಗೆ ನೀವೇ ನೇರವಾಗಿ ಕೊಟ್ಟರೆ ನಿಮಗೆ ವಿನಾಯಿತಿ ಇಲ್ಲ, ನಿಜ. ಆದರೆ ವರ್ಷಕ್ಕೆ ಒಟ್ಟು 50,000 ರೂಪಾಯಿವರೆಗಿನ ಇಂಥ ಕೊಡುಗೆಗೆ ಪಡೆದವರೂ ತೆರಿಗೆ ಕಟ್ಟಬೇಕಾಗಿಲ್ಲ, ಮತ್ತು ಮಧ್ಯದಲ್ಲಿ ಯಾವ ಕಚೇರಿಯೂ ಇರುವುದಿಲ್ಲ.

ಅಣ್ಣನವರ ಪಾಲಿನ ಬಗ್ಗೆ ವಿಶೇಷ ಎಚ್ಚರ ಬೇಕು. ಭಾರತದ ಪೌರತ್ವವನ್ನು ಉಳಿಸಿಕೊಂಡು ಹೊರದೇಶದಲ್ಲಿ ದುಡಿಯುವವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸುವ ದೇಣಿಗೆ ವಿದೇಶಿ ದೇಣಿಗೆಯಲ್ಲ. ಆದರೆ ಅಮೆರಿಕದ ಪೌರತ್ವ ಪಡೆದವರು, ಭಾರತೀಯ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ, 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ದೃಷ್ಟಿಯಲ್ಲಿ ವಿದೇಶಿ ಮೂಲವೇ. ಇಲ್ಲಿನ ಬ್ಯಾಂಕ್ ಖಾತೆಯಿಂದ ರೂಪಾಯಿಯಲ್ಲೇ ಕೊಟ್ಟರೂ ಅದು ಬದಲಾಗುವುದಿಲ್ಲ. ಆ ಕಾಯ್ದೆಯಡಿ ನೋಂದಣಿ ಇಲ್ಲದ ಟ್ರಸ್ಟ್ ಅಥವಾ ಹಳೆಯ ವಿದ್ಯಾರ್ಥಿಗಳ ಸಂಘ ಅವರಿಂದ ನೂರು ರೂಪಾಯಿ ಪಡೆದರೂ ತಪ್ಪಿತಸ್ಥರ ಸ್ಥಾನದಲ್ಲಿ ನಿಲ್ಲಬೇಕಾಗುತ್ತದೆ. ಹೊಸ ಸಂಸ್ಥೆಗೆ ಆ ನೋಂದಣಿ ಸುಲಭವಾಗಿ ಸಿಗುವುದೂ ಇಲ್ಲ: ಮೂರು ವರ್ಷದ ಅಸ್ತಿತ್ವ, ಆ ಅವಧಿಯಲ್ಲಿ ಕನಿಷ್ಠ 15 ಲಕ್ಷ ರೂಪಾಯಿಯ ಸೇವಾ ವೆಚ್ಚ, ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ಪ್ರತ್ಯೇಕ ಖಾತೆ ಇವೆಲ್ಲ ಬೇಕು. ನೋಂದಣಿ ಇರುವ ಸಂಸ್ಥೆಯೊಂದು ಹಣ ಪಡೆದು ಇನ್ನೊಂದಕ್ಕೆ ದಾಟಿಸುವುದನ್ನು 2020ರ ತಿದ್ದುಪಡಿ ನಿಷೇಧಿಸಿದೆ. ಅಣ್ಣನವರು ಅಪ್ಪನ ಹೆಸರಿನಲ್ಲಿ ಸ್ವತಂತ್ರವಾಗಿ ಕೊಡಲು ಬಯಸಿದರೆ ಅಂಥ ನೋಂದಣಿ ಇರುವ ಸಂಸ್ಥೆಗೆ ನೇರವಾಗಿ ಕೊಡಲಿ, ಇಲ್ಲವೇ ಭಾರತದಲ್ಲಿ ಕೆಲಸ ಮಾಡುವ ಅಮೆರಿಕದ ನೋಂದಾಯಿತ ದತ್ತಿ ಸಂಸ್ಥೆಗೆ ಕೊಡಲಿ. ಎರಡನೆಯದರಿಂದ ಅಲ್ಲಿನ ತೆರಿಗೆಯಲ್ಲಿಯೂ ಅನುಕೂಲವಾಗಬಹುದು.

ನಿಮ್ಮ ಊರಿನ ಶಾಲೆಯ ಮಟ್ಟಿಗೆ ನನಗೆ ತೋಚುವ ಸರಳವಾದ ದಾರಿ ಬೇರೆ. ಅಣ್ಣ ತಾಯಿಯ ಹೊಣೆ ಹೊರಲಿ. ಅವರ ಪಾಲಿನ ನಾಲ್ಕೂವರೆ ಲಕ್ಷ ತಾಯಿಯ ಚಿಕಿತ್ಸೆಗೂ ಮನೆಯ ಖರ್ಚಿಗೂ ಮೀಸಲಾಗಲಿ, ಬೇಕಾದಂತೆ ಅವರು ಅಲ್ಲಿಂದಲೂ ಕಳಿಸಲಿ. ಹತ್ತಿರದ ಸಂಬಂಧಿಕರಿಂದ ವ್ಯಕ್ತಿಯೊಬ್ಬರು ಪಡೆಯುವ ಹಣಕ್ಕೆ ಈ ಕಾಯ್ದೆಯ ಅಡ್ಡಿಯಿಲ್ಲ, ವರ್ಷಕ್ಕೆ 10 ಲಕ್ಷ ಮೀರಿದಾಗ ಮಾತ್ರ ಸರ್ಕಾರಕ್ಕೆ ತಿಳಿಸಬೇಕು. ಆಗ ತಾಯಿಯ ನಾಳೆಯ ಚಿಂತೆಯಿಲ್ಲದೆ ನೀವೂ ತಂಗಿಯೂ ನಿಮ್ಮ ಪಾಲನ್ನು ಪೂರ್ತಿಯಾಗಿ ಶಾಲೆಯ ಕೆಲಸಕ್ಕೆ ಬಿಡಬಹುದು. ಇದು ಹೆಸರಿಗೆ ಮಾತ್ರ ಆಗಬಾರದು. ಅವರ ಹಣ ತಾಯಿಯ ಖಾತೆಗೆ ಬಂದು ಮರುದಿನ ಸಂಘದ ಖಾತೆಗೆ ಹೋದರೆ ಅದು ಕಾಯ್ದೆಯನ್ನು ತಪ್ಪಿಸಿ ದಾಟಿದಂತೆಯೇ ಲೆಕ್ಕ.

ಈಗ ಏರ್ಪಾಡಿನ ವಿವರ. ಹಣವನ್ನು ಸಂಸ್ಥೆಯೊಂದಕ್ಕೆ ಒಪ್ಪಿಸುವುದಾದರೆ, ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಅಥವಾ ಲೆಕ್ಕಪತ್ರ ಸರಿಯಾಗಿರುವ ನೋಂದಾಯಿತ ಹಳೆಯ ವಿದ್ಯಾರ್ಥಿಗಳ ಸಂಘದ ಜೊತೆ ದತ್ತಿ ಪತ್ರ ಮಾಡಿಕೊಳ್ಳಬೇಕಾಗುತ್ತದೆ. ಸರ್ಕಾರಿ ಶಾಲೆಯಲ್ಲಿ ಮುಖ್ಯೋಪಾಧ್ಯಾಯರು ವರ್ಗವಾಗುತ್ತಾರೆ, ಸಮಿತಿ ಬದಲಾಗುತ್ತದೆ. ಹೊಸಬರಿಗೆ ದತ್ತಿಯ ವಿಷಯವೇ ಗೊತ್ತಿಲ್ಲದೆ ಠೇವಣಿ ತಾನಾಗಿ ನವೀಕರಣಗೊಳ್ಳುತ್ತ ಕುಳಿತಿರುವುದು ಅಪರೂಪವಲ್ಲ. ಆದುದರಿಂದ ಪತ್ರದ ಒಂದು ಪ್ರತಿ ಶಾಲೆಯಲ್ಲಿ, ಒಂದು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ, ಒಂದು ನಿಮ್ಮಲ್ಲಿ ಇರಲಿ. ವರ್ಷಕ್ಕೊಮ್ಮೆ ಖರ್ಚಿನ ಒಂದು ಪುಟದ ಲೆಕ್ಕವನ್ನು ನಿಮಗೆ ಕಳಿಸಬೇಕೆಂದು ಬರೆಸಿರಿ. ಶಾಲೆ ಮುಚ್ಚಿದರೆ ಅಥವಾ ಬೇರೆಯದರೊಡನೆ ವಿಲೀನವಾದರೆ ಹಣ ಯಾವ ಶಾಲೆಗೆ ಹೋಗಬೇಕು, ಅಸಲನ್ನು ಎಷ್ಟೆಷ್ಟು ಕರಗಿಸಬಹುದು ಎಂಬುದೂ ಅದರಲ್ಲಿರಬೇಕು.

ಉದ್ದೇಶದ ಸಾಲನ್ನು ಬರೆಯುವಾಗ ಬಹಳ ಯೋಚಿಸಿ. ನೋಟ್‌ಬುಕ್ಕಿನಲ್ಲಿರುವ 'ಬಸ್ ಪಾಸ್' ಎಂಬ ಬಾಬ್ತನ್ನೇ ನೋಡಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟೇ ಇಲ್ಲ. 'ಬಡ ವಿದ್ಯಾರ್ಥಿನಿಯರ ಬಸ್ ಪಾಸಿಗೆ' ಎಂದು ಯಾರಾದರೂ 2020ರಲ್ಲಿ ದತ್ತಿ ಇಟ್ಟಿದ್ದರೆ ಮೂರೇ ವರ್ಷದಲ್ಲಿ ಅದಕ್ಕೆ ಕೆಲಸವಿಲ್ಲದಂತಾಗುತ್ತಿತ್ತು. ಪಠ್ಯಪುಸ್ತಕ, ಸಮವಸ್ತ್ರ, ಬಿಸಿಯೂಟ ಇವೆಲ್ಲ ಸರ್ಕಾರಿ ಶಾಲೆಯ ಮಕ್ಕಳಿಗೆ ಈಗ ಸಿಗುತ್ತವೆ. ಉದ್ದೇಶ ಕಾಲಬಾಹಿರವಾದ ಸಾರ್ವಜನಿಕ ದತ್ತಿಯನ್ನು ಬದಲಿಸಬೇಕೆಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಸೆಕ್ಷನ್ ಹಿಡಿದು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಿ ಬರಬಹುದು. ಅದರ ಬದಲು, 'ಹಣದ ಕೊರತೆಯಿಂದ ಓದು ನಿಲ್ಲುವ ಸಂಭವವಿರುವ ಈ ಶಾಲೆಯ ವಿದ್ಯಾರ್ಥಿಗೆ, ಆ ಹೊತ್ತಿನ ಅಗತ್ಯಕ್ಕೆ' ಎಂದು ಅಗಲವಾಗಿ ಬರೆದು, ಕನ್ನಡಕ, ಪರೀಕ್ಷಾ ಶುಲ್ಕಗಳನ್ನು ಉದಾಹರಣೆಯಾಗಿ ಕೊಡಿ. ನಿಮ್ಮ ಜಿಲ್ಲೆಯಂಥ ಕಡೆ ಇಂದು ಓದು ತಪ್ಪುವ ಒಂದು ಮುಖ್ಯ ಜಾಗ ಎಸ್‌ಎಸ್‌ಎಲ್‌ಸಿ ಮುಗಿದು ಪಿಯುಸಿ ಸೇರುವ ನಡುವಿನ ಎರಡು ತಿಂಗಳು. ಕಾಲೇಜು ತಾಲ್ಲೂಕು ಕೇಂದ್ರದಲ್ಲಿರುತ್ತದೆ, ದಾಖಲಾತಿಯ ಹಣವನ್ನು ಮುಂಗಾರಿನ ಬಿತ್ತನೆಯ ಖರ್ಚಿನ ದಿನಗಳಲ್ಲೇ ಹೊಂದಿಸಬೇಕಾಗುತ್ತದೆ. ಶಾಲೆಯನ್ನು ಬಿಟ್ಟುಹೋದ ಆ ಎರಡು ತಿಂಗಳ ಮಗುವಿಗೂ ಈ ಹಣ ಸಲ್ಲುತ್ತದೆ ಎಂದು ಸ್ಪಷ್ಟವಾಗಿ ಬರೆಯದಿದ್ದರೆ, 'ಅವನು ಈಗ ನಮ್ಮ ವಿದ್ಯಾರ್ಥಿಯಲ್ಲ' ಎಂಬ ಕಾರಣಕ್ಕೆ ಕೊಡಲು ಬಾರದೆ ಹೋಗುತ್ತದೆ.

ಆರಿಸುವವರು ಯಾರು ಎಂಬುದು ಇಡೀ ಏರ್ಪಾಡಿನ ಜೀವ. ಅರ್ಜಿ ಕರೆದು, ಆದಾಯ ಪ್ರಮಾಣಪತ್ರ ತರಿಸಿ, ಸಮಿತಿ ಕೂಡಿಸಿ ಆರಿಸುವ ಕ್ರಮದಲ್ಲಿ ನಿಜವಾಗಿ ಕಷ್ಟದಲ್ಲಿರುವ ಮಗು ಅರ್ಜಿಯನ್ನೇ ಹಾಕುವುದಿಲ್ಲ. ತರಗತಿ ಶಿಕ್ಷಕರಲ್ಲಿ ಇಬ್ಬರು, ಅವರಲ್ಲಿ ಒಬ್ಬರಾದರೂ ಶಿಕ್ಷಕಿ, ಸೇರಿ ಹೆಸರು ಸೂಚಿಸಿದರೆ ಸಾಕೆನ್ನಿ. ಹೆಣ್ಣುಮಕ್ಕಳು ಮನೆಯ ಕಷ್ಟವನ್ನು ಹೇಳಿಕೊಳ್ಳುವುದು ಶಿಕ್ಷಕಿಯರ ಹತ್ತಿರ. ಒಂದು ಮಿತಿಯವರೆಗಿನ ಮೊತ್ತವನ್ನು, ಉದಾಹರಣೆಗೆ ಎರಡು ಸಾವಿರದವರೆಗೆ, ಯಾರನ್ನೂ ಕೇಳದೆ ಅದೇ ದಿನ ಕೊಡುವ ಅಧಿಕಾರ ಅವರಿಗಿರಲಿ. ಅದಕ್ಕಿಂತ ಹೆಚ್ಚಿನದಕ್ಕೆ ನಿಮ್ಮಲ್ಲೊಬ್ಬರಿಗೆ ಫೋನ್ ಮಾಡಲಿ. ಲೆಕ್ಕದಲ್ಲಿ ಮಗುವಿನ ಹೆಸರು ಶಾಲೆಯ ಕಡತದಲ್ಲಿ ಮಾತ್ರ ಇರಲಿ, ನಿಮಗೆ ಬರುವ ಹಾಳೆಯಲ್ಲಿ ತಂದೆಯವರು ಬರೆಯುತ್ತಿದ್ದಂತೆ ಮೊದಲಕ್ಷರ ಸಾಕು. ಸ್ವಾತಂತ್ರ್ಯ ದಿನಾಚರಣೆಯ ವೇದಿಕೆಯಲ್ಲಿ ಚೆಕ್ ಹಿಡಿಸಿ ಫೋಟೊ ತೆಗೆಸಬಾರದು ಎಂಬುದನ್ನು ಪತ್ರದಲ್ಲೇ ನಮೂದಿಸಿ. ಬಾಯಿಮಾತಿನಲ್ಲಿ ಹೇಳಿದರೆ ಮುಂದಿನ ವರ್ಷವೇ ಮರೆತುಹೋಗುತ್ತದೆ.

ತಂಗಿಯ ಆಸೆಯನ್ನೂ ಪೂರ್ತಿಯಾಗಿ ತಳ್ಳಿಹಾಕಬೇಕಿಲ್ಲ. ಚಿನ್ನದ ಬೆಲೆ ಏರುತ್ತಿರುವ ಈ ದಿನಗಳಲ್ಲಿ ಪದಕದ ಹೊಣೆಯನ್ನು ಶಾಲೆಯ ತಲೆಗೆ ಕಟ್ಟುವ ಬದಲು, ಗಣಿತದಲ್ಲಿ ಹಿಂದಿನ ವರ್ಷಕ್ಕಿಂತ ಹೆಚ್ಚು ಮುಂದೆ ಬಂದ ಮಗುವಿಗೆ ಒಂದು ಪುಸ್ತಕ ಬಹುಮಾನವನ್ನು ತಂದೆಯವರ ಹೆಸರಿನಲ್ಲಿ ಬಹಿರಂಗವಾಗಿ ಕೊಡಬಹುದು. ಹೆಸರು ಸಭೆಯಲ್ಲಿ ಕೇಳಿಬರಬೇಕೆಂಬ ಸಹಜವಾದ ಆಸೆ ಅಷ್ಟರಿಂದ ತೀರುತ್ತದೆ. ಮಹಾದ್ವಾರದ ಬಗ್ಗೆ ಹೆಚ್ಚು ಹೇಳಲಾರೆ. ಸರ್ಕಾರಿ ಆವರಣದಲ್ಲಿ ಕಟ್ಟಲು ಇಲಾಖೆಯ ಅನುಮತಿ ಬೇಕು, ಹಣದ ಬಹುಪಾಲು ಸಿಮೆಂಟಿಗೆ ಹೋಗುತ್ತದೆ, ಕೆಲವು ವರ್ಷಗಳಲ್ಲಿ ಬಣ್ಣ ಬಳಿಸುವವರು ಯಾರು ಎಂಬ ಪ್ರಶ್ನೆ ಬರುತ್ತದೆ. ಊರಿನವರಿಗೆ ನೇರವಾಗಿ ಇಲ್ಲವೆನ್ನಲು ಸಂಕೋಚವಾದರೆ, ತಾಯಿಯವರ ಅಭಿಪ್ರಾಯ ಬೇರೆಯಿದೆ ಎಂದು ಹೇಳಿ. ಅದು ಸುಳ್ಳೂ ಅಲ್ಲ.

ಕೊನೆಯದಾಗಿ ಕ್ರಮದ ಬಗ್ಗೆ. ಒಂಬತ್ತು ಲಕ್ಷವನ್ನು ಈಗಲೇ ಯಾರಿಗೂ ಒಪ್ಪಿಸಬೇಡಿ. ಮೊದಲ ಎರಡು ಶೈಕ್ಷಣಿಕ ವರ್ಷ ಠೇವಣಿಯನ್ನು ನಿಮ್ಮಿಬ್ಬರ ಹೆಸರಿನಲ್ಲೇ ಇಟ್ಟುಕೊಂಡು, ಶಾಲೆಯ ಇಬ್ಬರು ಶಿಕ್ಷಕರನ್ನು ಗೊತ್ತುಮಾಡಿಕೊಂಡು, ಅವರು ಹೇಳಿದಾಗ ನೇರವಾಗಿ ಕೊಡುತ್ತ ಬನ್ನಿ. ಯಾವ ತಿಂಗಳಲ್ಲಿ ಕೇಳಿಕೆ ಹೆಚ್ಚು, ಯಾವ ಅಗತ್ಯಕ್ಕೆ ಎಷ್ಟು ಬೇಕಾಗುತ್ತದೆ, ಯಾರ ಮಾತು ನೆಚ್ಚಬಹುದು ಎಂಬುದೆಲ್ಲ ಆಗ ತಿಳಿಯುತ್ತದೆ. ಎರಡು ವರ್ಷದ ಆ ಲೆಕ್ಕವನ್ನು ಮುಂದಿಟ್ಟುಕೊಂಡು ದತ್ತಿ ಪತ್ರದ ಕರಡು ಬರೆಯಿರಿ. ಸಂಘವೋ ಸಮಿತಿಯೋ ವಿಶ್ವಾಸ ಹುಟ್ಟಿಸದಿದ್ದರೆ ಪತ್ರವನ್ನೇ ಮಾಡದೆ, ಹದಿನೈದು ವರ್ಷವೂ ಮನೆಯವರೇ ನಡೆಸಿಕೊಂಡು ಹೋಗಲು ಯಾವ ಕಾನೂನೂ ಅಡ್ಡ ಬರುವುದಿಲ್ಲ. ನಿಮ್ಮಿಬ್ಬರ ನಂತರ ಖಾತೆ ಯಾರ ಕೈಗೆ ಹೋಗಬೇಕೆಂಬುದನ್ನು ನಿಮ್ಮ ನಿಮ್ಮ ಉಯಿಲಿನಲ್ಲಿ ಒಂದು ಸಾಲು ಬರೆದಿಟ್ಟರೆ ಸಾಕು.